ಅಂಚಿನ ಕಾಲಾಳು

“ಗುರುಗಳೇ, ಉತ್ತರ ಗೊತ್ತಿಲ್ಲದ ಪ್ರಶ್ನೆಯನ್ನು ಯಾರಾದರೂ ಕೇಳಿದರೆ ನಾನು ಏನು ಮಾಡಲಿ?” ಎಂದು ಮಡಿವಾಳಯ್ಯ ಕೇಳಿದ.

ಮಡಿವಾಳಯ್ಯ ಮಠದ ಶಿಷ್ಯರಲ್ಲಿ ಎಲ್ಲರಿಗಿಂತ ಹೆಚ್ಚು ಓದಿದವನು. ಶ್ರಾವಣದ ಪ್ರವಚನಕ್ಕೆ ಪ್ರತಿ ವರ್ಷ ಗುರುಗಳೇ ನದಿಯಾಚೆಯ ಪೇಟೆಗೆ ಹೋಗುತ್ತಿದ್ದರು. ಈ ವರ್ಷ ಅವರ ಮೊಣಕಾಲು ಒಪ್ಪಲಿಲ್ಲ. ಬೆಳಗಾದರೆ ಮಡಿವಾಳಯ್ಯ ಹೊರಡಬೇಕು. ಪ್ರವಚನದ ಬಗ್ಗೆ ಅವನಿಗೆ ಹೆದರಿಕೆ ಇರಲಿಲ್ಲ. ಅದರಲ್ಲಿ ಮಾತಾಡುವವನು ತಾನೊಬ್ಬನೇ. ಹೆದರಿಕೆ ಇದ್ದದ್ದು ಪ್ರವಚನ ಮುಗಿದ ಮೇಲೆ ಆ ಪೇಟೆಯವರು ಪ್ರಶ್ನೆ ಕೇಳುವ ಪದ್ಧತಿಯ ಬಗ್ಗೆ. ಹಿಂದೊಮ್ಮೆ ಬೇರೆ ಮಠದ ಪಂಡಿತರೊಬ್ಬರು ಅಲ್ಲಿನ ಒಂದು ಪ್ರಶ್ನೆಗೆ ತಬ್ಬಿಬ್ಬಾಗಿ, ನೀರು ಕುಡಿದು ಬರುತ್ತೇನೆಂದು ಎದ್ದವರು ತಮ್ಮ ಊರಿಗೇ ಹೋಗಿ ಕುಡಿದರೆಂಬ ಮಾತಿತ್ತು.

ಆದ್ದರಿಂದ ಮಡಿವಾಳಯ್ಯ ಕೆಲವು ವಾರಗಳಿಂದ, ಕೇಳಬಹುದಾದ ಪ್ರಶ್ನೆಗಳನ್ನೆಲ್ಲ ತಾನೇ ಕೇಳಿಕೊಂಡು, ಉತ್ತರವನ್ನೂ ತಾನೇ ಹೇಳಿಕೊಂಡು, ಎರಡನ್ನೂ ಬಾಯಿಪಾಠ ಮಾಡಿದ್ದ. ಒಂದು ಪ್ರಶ್ನೆಗೂ ಅವನು ಸೋತಿರಲಿಲ್ಲ. ಆದರೂ ನಿದ್ದೆ ಬರುತ್ತಿರಲಿಲ್ಲ.

ಗುರುಗಳು ಮೊಣಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತ “ಕೂತುಕೋ” ಎಂದರು. ಅವನು ಕೂತ ಮೇಲೆ ಈ ಕತೆ ಹೇಳಿದರು.

ಒಂದು ಕೆರೆ ಇತ್ತು. ಅದರ ನೀರನ್ನು ನೆಚ್ಚಿಕೊಂಡು ಎರಡು ಊರು ಇದ್ದವು. ಏರಿಯ ಪಕ್ಕದಲ್ಲಿದ್ದುದು ಮೇಲಿನ ಊರು, ಅದರಾಚೆಗೆ ಇಳಿಜಾರಿನಲ್ಲಿದ್ದುದು ಕೆಳಗಿನ ಊರು. ಒಂದೊಂದು ಊರಿಗೆ ಒಂದೊಂದು ತೂಬು. ನಾಟಿಯ ಕಾಲ ಬಂದಾಗ ಯಾವ ತೂಬನ್ನು ಮೊದಲು ತೆಗೆಯಬೇಕು ಎಂಬುದು ಪ್ರಶ್ನೆ. ಮೊದಲು ನೀರು ಪಡೆದವರ ಪೈರು ಹೊತ್ತಿಗೆ ಸರಿಯಾಗಿ ತೆನೆ ಕಟ್ಟುತ್ತಿತ್ತು. ಆಮೇಲೆ ಪಡೆದವರದು ಚಳಿಗೆ ಸಿಕ್ಕಿ ಅರ್ಧ ಜೊಳ್ಳಾಗುತ್ತಿತ್ತು.

ಬಹಳ ಹಿಂದೆ ಈ ಪ್ರಶ್ನೆಯನ್ನು ದೊಣ್ಣೆಗಳಿಂದ ತೀರ್ಮಾನಿಸುತ್ತಿದ್ದರು. ಒಂದು ವರ್ಷ ಎರಡೂ ಊರುಗಳಲ್ಲಿ ನಾಟಿ ಮಾಡುವಷ್ಟು ನೆಟ್ಟಗಿರುವ ಗಂಡಸರು ಉಳಿಯಲಿಲ್ಲ. ಆಗ ಹಿರಿಯರು ಸೇರಿ, ಇನ್ನು ಮುಂದೆ ಪ್ರತಿ ಊರಿನಿಂದ ಒಬ್ಬರು ಕೂತು ಚದುರಂಗ ಆಡಲಿ, ಗೆದ್ದವರಿಗೆ ಮೊದಲ ನೀರು ಎಂದು ಗೊತ್ತು ಮಾಡಿದರು. ಕೆರೆಯ ಪಕ್ಕದ ಮಂಟಪದಲ್ಲಿ ಆಟ. ಹಲಗೆ ಮೇಲಿನ ಊರಿನದು. ಅತಿಥಿಗಳೆಂದು ಕೆಳಗಿನ ಊರಿನವರಿಗೆ ಮೊದಲ ನಡೆ. ಅಲ್ಲಿಂದ ಮುಂದೆ ತಲೆ ಒಡೆಯುವುದು ನಿಂತಿತು, ತಲೆನೋವು ಶುರುವಾಯಿತು.

ಮೇಲಿನ ಊರಿನ ಪರವಾಗಿ ಒಬ್ಬನೇ ಆಟಗಾರ ಎಷ್ಟೋ ವರ್ಷಗಳಿಂದ ಆಡುತ್ತಿದ್ದ. ಕೆಳಗಿನ ಊರಿನಿಂದಲೂ ಒಬ್ಬನೇ ಮುದುಕ ಬರುತ್ತಿದ್ದ. ಒಂದು ವರ್ಷ ಇವನು ಗೆಲ್ಲುವನು, ಇನ್ನೊಂದು ವರ್ಷ ಅವನು. ಒಬ್ಬರ ಆಟ ಇನ್ನೊಬ್ಬರಿಗೆ ತಮ್ಮ ಮನೆಯ ಹೊಸಿಲಿನಷ್ಟು ಪರಿಚಯ. ಮುದುಕ ರಾಜನ ಮುಂದಿನ ಕಾಲಾಳನ್ನು ಸರಿಸುವನು. ಇವನೂ ಹಾಗೆಯೇ ಸರಿಸುವನು. ಅವನು ಕುದುರೆ ತೆಗೆದರೆ ಇವನು ಕುದುರೆ ತೆಗೆಯುವನು. ಅವನದು ಒಂಟೆಯಾದರೆ ಇವನದೂ ಒಂಟೆ. ಈ ಮೊದಲ ನಡೆಗಳನ್ನು ಇಬ್ಬರೂ ಹಲಗೆಯ ಕಡೆ ನೋಡದೆ, ಎಲೆ ಅಡಿಕೆ ಹಾಕಿಕೊಳ್ಳುತ್ತ, ಯಾರ ಮನೆಯ ಹಸು ಕರು ಹಾಕಿತೆಂದು ವಿಚಾರಿಸುತ್ತ ಆಡಿ ಮುಗಿಸುತ್ತಿದ್ದರು. ಹಾಗೆ ನೋಡದೆ ಆಡುವುದೇ ದೊಡ್ಡ ಆಟಗಾರರ ಲಕ್ಷಣವೆಂದು ಎರಡೂ ಊರಿನವರು ನಂಬಿದ್ದರು. ಆಟ ನೋಡಲು ಬರುವವರು ಕೂಡ ಇಷ್ಟು ಮುಗಿಯುವ ಹೊತ್ತು ನೋಡಿಕೊಂಡು ಬರುತ್ತಿದ್ದರು.

ಒಂದು ವರ್ಷ ಕೆಳಗಿನ ಊರಿನ ಮುದುಕ ತೀರಿಕೊಂಡ. ಆ ಊರಿನಲ್ಲಿ ಚದುರಂಗ ಬಲ್ಲವರು ಬೇರೆ ಯಾರೂ ಇರಲಿಲ್ಲ. ಹುಡುಕಿ ಹುಡುಕಿ ಕೊನೆಗೆ ಒಬ್ಬ ಕುಂಬಾರ ಹೆಂಗಸನ್ನು ಕಳಿಸಿದರು. ಅವಳು ಮಧ್ಯಾಹ್ನದ ಹೊತ್ತು ಅತ್ತೆಯ ಜೊತೆ ಆಡುತ್ತಿದ್ದಳು ಎಂಬುದೊಂದೇ ಅವಳ ಅರ್ಹತೆ.

ಅವಳು ಮಂಟಪಕ್ಕೆ ಬಂದು, ಸೆರಗನ್ನು ಸರಿಯಾಗಿ ಹೊದ್ದು, ಹಲಗೆಯ ಮುಂದೆ ಕೂತಳು. ಆಟಗಾರನಿಗೆ ಸತ್ತ ಗೆಳೆಯನ ಜಾಗದಲ್ಲಿ ಬೇರೆಯವರನ್ನು ನೋಡಲು ಮನಸ್ಸಾಗಲಿಲ್ಲ. ಅವನು ಎಲೆಗೆ ಸುಣ್ಣ ಹಚ್ಚುತ್ತ ಕೂತ. ಕಾಯಿ ಇಟ್ಟ ಸದ್ದು ಕೇಳಿತು. ಅಭ್ಯಾಸದಂತೆ, ನೋಡದೆ, ತನ್ನ ರಾಜನ ಮುಂದಿನ ಕಾಲಾಳನ್ನು ಸರಿಸಿದ. ಮತ್ತೆ ಸದ್ದಾಯಿತು. ಎಲೆಯನ್ನು ಬಾಯಿಗೆ ಹಾಕಿಕೊಂಡು ಕುದುರೆ ತೆಗೆದ. ಆಗ ಸುತ್ತ ನಿಂತಿದ್ದ ಕೆಲವರು ಮಾತು ನಿಲ್ಲಿಸಿದರು. ಅವನು ಹಲಗೆಯನ್ನು ನೋಡಿದ.

ಅವಳು ರಾಜನ ಮುಂದಿನ ಕಾಲಾಳನ್ನು ಮುಟ್ಟಿಯೇ ಇರಲಿಲ್ಲ. ಹಲಗೆಯ ಕೊನೆಯಲ್ಲಿ, ಆನೆಯ ಮುಂದೆ ಇರುವ, ಯಾರೂ ಮೊದಲು ಮುಟ್ಟದ ಆ ಅಂಚಿನ ಕಾಲಾಳನ್ನು ಮುಂದಿಟ್ಟಿದ್ದಳು. ಎರಡನೆಯ ನಡೆಯಲ್ಲಿ ಅದನ್ನೇ ಇನ್ನೂ ಒಂದು ಮನೆ ಮುಂದೆ ತಂದಿದ್ದಳು.

ಆ ನಡೆಗಳಿಂದ ಅವನಿಗೆ ಯಾವ ಹಾನಿಯೂ ಆಗಿರಲಿಲ್ಲ. ನೋಡದೆ ಆಡಿದ ಅವನ ನಡೆಗಳೂ ಚೆನ್ನಾಗಿಯೇ ಇದ್ದವು. ಆದರೆ ಆ ಕ್ಷಣದಲ್ಲಿ ಅದನ್ನು ಅವನಿಗೆ ಹೇಳುವವರು ಇರಲಿಲ್ಲ. ತನ್ನ ಮನೆಗೆ ತಾನೇ ಹೋಗಿ, ಬಾಗಿಲು ತೆರೆದಾಗ ಒಳಗೆ ಬೇರೆ ಯಾರೋ ಊಟಕ್ಕೆ ಕೂತಿದ್ದರೆ ಹೇಗೆ ಆಗುತ್ತದೆಯೋ ಹಾಗಾಯಿತು. ಎಲೆ ಬಾಯಲ್ಲೇ ಉಳಿಯಿತು. ಅಗಿಯುವುದನ್ನು ಮರೆತ.

ಅವನು ಯೋಚಿಸಿದ. ಇದು ಸುಮ್ಮನೆ ಇಟ್ಟ ನಡೆ ಅಲ್ಲ. ಇಷ್ಟು ಜನರ ನೀರನ್ನು ಪಣಕ್ಕಿಟ್ಟು ಯಾರೂ ಸುಮ್ಮನೆ ಇಂಥದ್ದನ್ನು ಆಡುವುದಿಲ್ಲ. ಹಾಗಾದರೆ ಇದರ ಹಿಂದೆ ಏನೋ ಇದೆ. ಅದು ತನಗೆ ಕಾಣುತ್ತಿಲ್ಲ, ಆದ್ದರಿಂದ ಅದು ಬಹಳ ದೊಡ್ಡದು. ಇಂಥ ದೊಡ್ಡ ಉಪಾಯ ಈ ಹೆಂಗಸಿಗೆ ಎಲ್ಲಿಂದ ಬಂತು? ಸತ್ತ ಮುದುಕನೇ ಕಲಿಸಿ ಹೋಗಿರಬೇಕು. ಜೀವಮಾನವೆಲ್ಲ ತನ್ನ ಎದುರು ಕೂತು, ಹಸು ಕರುಗಳ ಮಾತಾಡುತ್ತ, ಒಳಗೊಳಗೇ ಇದನ್ನು ಬೆಳೆಸಿಕೊಂಡಿದ್ದನೆಂದು ಅವನಿಗೆ ಖಾತ್ರಿಯಾಯಿತು. ಗೆಳೆಯ ಸತ್ತದ್ದಕ್ಕಿಂತ ಹೆಚ್ಚು ದುಃಖ ಅವನಿಗೆ ಆಗ ಆಯಿತು.

ಆಮೇಲೆ ಅವನು ಆ ಹೆಂಗಸಿನ ಎದುರು ಆಡಲಿಲ್ಲ. ಸತ್ತವನ ಎದುರು ಆಡಿದ. ಅವಳು ಒಂದು ಕಾಲಾಳನ್ನು ಸರಿಸಿದರೆ ಇವನು ಅದರ ಹಿಂದೆ ಬರಲಿರುವ ಸೈನ್ಯವನ್ನು ಕಲ್ಪಿಸಿಕೊಂಡ. ಆನೆಯನ್ನು ಅಂಚಿಗೆ ಕಾವಲಿಟ್ಟ. ಮಂತ್ರಿಯನ್ನು ಹಿಂದಕ್ಕೆ ಕರೆದ. ಅವಳು ಹಲಗೆಯ ನಡುವಿಗೆ ಒಂದು ಕಾಯಿಯನ್ನೂ ತರಲಿಲ್ಲ. ನಡುವೆಯೇ ಅಪಾಯವಿದೆ ಎಂದು ಇವನೂ ತರಲಿಲ್ಲ. ಎಲ್ಲ ಕಾಯಿಗಳೂ ಗೋಡೆಗೆ ಒರಗಿದವರಂತೆ ಅಂಚಿಗೆ ಸೇರಿದವು. ನೋಡುತ್ತಿದ್ದವರು ಇಂಥ ಗಹನವಾದ ಆಟವನ್ನು ತಾವು ಕಂಡೇ ಇಲ್ಲವೆಂದು ಪಿಸುಗುಟ್ಟಿದರು. ಕೊನೆಗೆ ತನ್ನದೇ ಕಾವಲುಗಾರರು ಸುತ್ತ ನಿಂತು ಅವನ ರಾಜನಿಗೆ ಹೆಜ್ಜೆ ಇಡಲು ಜಾಗವಿಲ್ಲದಂತೆ ಮಾಡಿದರು. ಅವಳ ಒಂಟೆ ಬಂದು ನಿಂತಿತು. ಆಟ ಮುಗಿಯಿತು.

ಕೆಳಗಿನ ಊರಿನ ತೂಬು ಮೊದಲು ತೆರೆಯಿತು.

ಊರಿನವರು ಅವನನ್ನು ಬೈಯಲಿಲ್ಲ. ಬೈದಿದ್ದರೆ ಅವನಿಗೆ ಹಗುರವಾಗುತ್ತಿತ್ತು. ಅವನಿಗೆ ಕೇಳಿಸುವಷ್ಟು ದೂರದಲ್ಲಿ ನಿಂತು ತಮ್ಮತಮ್ಮೊಳಗೆ ಮಾತಾಡಿಕೊಂಡರು, ಅಷ್ಟೆ. “ಕೆರೆ ಇರೋದು ನಮ್ಮ ತಲೆ ಮೇಲೆ, ನೀರು ಹೋಗೋದು ಅವರ ಗದ್ದೆಗೆ” ಎಂದು ಒಬ್ಬ ಹೇಳಿದ. “ಅವರು ಮಡಕೆ ಮಾಡೋರನ್ನ ಕಳಿಸಿದರು. ಮುಂದಿನ ಸಲ ನಾವು ನಮ್ಮ ಎಮ್ಮೇನ ಕೂರಿಸೋಣ. ಎಲೆ ಅಡಿಕೆ ಖರ್ಚಾದರೂ ಉಳಿಯುತ್ತೆ” ಎಂದು ಇನ್ನೊಬ್ಬ ಹೇಳಿದ.

ಆ ಆಟದ ಹೆಸರೇನು, ಯಾರು ಕಲಿಸಿದರು ಎಂದು ಆಟಗಾರ ಅವಳನ್ನು ಕೇಳಬಹುದಿತ್ತು. ಕೇಳಲಿಲ್ಲ. ಕೇಳಿದರೆ ತನಗೆ ಗೊತ್ತಿರಲಿಲ್ಲ ಎಂದು ಒಪ್ಪಿಕೊಂಡಂತೆ ಆಗುತ್ತದೆ ಎಂದುಕೊಂಡ. ಅದು ಅಷ್ಟು ಹೊತ್ತಿಗಾಗಲೇ ಎರಡೂ ಊರುಗಳಿಗೆ ಗೊತ್ತಾಗಿತ್ತು.

ಅವನು ಮನೆ ಸೇರಿ, ಹಲಗೆ ಹಾಸಿ, ಅಂಚಿನ ಕಾಲಾಳಿನ ಆಟವನ್ನು ಅಭ್ಯಾಸ ಮಾಡಲು ಶುರುಮಾಡಿದ. ಈ ಕಡೆ ಕೂತು ಅವಳ ನಡೆ ಆಡುವನು. ಎದ್ದು ಆ ಕಡೆ ಹೋಗಿ ತನ್ನ ನಡೆ ಆಡುವನು. ಒಂದು ದಿನ ಅವನ ಹೆಂಡತಿ ಮಜ್ಜಿಗೆ ಹಿಡಿದು ಬಂದು, “ಇದನ್ನ ಗೆಲ್ಲೋರಿಗೆ ಕೊಡಲೋ, ಸೋಲೋರಿಗೆ ಕೊಡಲೋ?” ಎಂದು ಕೇಳಿದಳು. ಅವನು ನಗಲಿಲ್ಲ. ಅವಳು ಹಲಗೆಯ ಪಕ್ಕದಲ್ಲಿ ಲೋಟ ಇಟ್ಟು ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದು, “ಬತ್ತ ಕಮ್ಮಿ ಆದರೆ ರಾಗಿ ಉಣ್ಣೋಣ. ನೀವು ಹೀಗಾದರೆ ಏನು ಮಾಡಲಿ?” ಎಂದು ಹೇಳಿ ಒಳಗೆ ಹೋದಳು.

ವರ್ಷ ತಿರುಗುವ ಹೊತ್ತಿಗೆ ಅಂಚಿನ ಕಾಲಾಳಿನಲ್ಲಿ ಅವನಿಗೆ ಗೊತ್ತಿಲ್ಲದ್ದು ಏನೂ ಉಳಿದಿರಲಿಲ್ಲ. ಎಡಗಡೆಯಿಂದ ಬಂದರೆ ಏನು ಮಾಡಬೇಕು, ಬಲಗಡೆಯಿಂದ ಬಂದರೆ ಏನು ಮಾಡಬೇಕು, ಎರಡೂ ಕಡೆಯಿಂದ ಬಂದರೆ ಯಾವುದನ್ನು ಮೊದಲು ನೋಡಬೇಕು ಎಂಬುದೆಲ್ಲ ಕೈಯಲ್ಲೇ ಕೂತಿತ್ತು. ಅದಕ್ಕೆ ಸತ್ತ ಮುದುಕನ ಹೆಸರನ್ನೇ ಇಟ್ಟಿದ್ದ. ಮುದುಕ ಬದುಕಿದ್ದಾಗ ಒಮ್ಮೆಯೂ ಅದನ್ನು ಆಡಿರಲಿಲ್ಲ ಎಂಬುದು ಅವನಿಗೆ ಅಡ್ಡಿ ಎನಿಸಲಿಲ್ಲ.

ಮತ್ತೆ ನಾಟಿಯ ಕಾಲ ಬಂತು. ಈ ಸಲ ಮೊದಲಿನಿಂದಲೇ ನೋಡಲು ಎರಡೂ ಊರಿನವರು ಬೆಳಗ್ಗೆಯೇ ಬಂದು ಕೂತರು. ಆಟಗಾರ ಎಲೆ ಅಡಿಕೆ ಮುಟ್ಟಲಿಲ್ಲ. ಕಣ್ಣನ್ನು ಅಂಚಿನ ಕಾಲಾಳಿನ ಮೇಲೆಯೇ ನೆಟ್ಟ. ಅವಳು ಕೈ ಚಾಚಿ, ರಾಜನ ಮುಂದಿನ ಕಾಲಾಳನ್ನು ಸರಿಸಿದಳು.

ಎಷ್ಟೋ ವರ್ಷ ಅವನು ಕಣ್ಣು ಮುಚ್ಚಿ ಉತ್ತರ ಕೊಟ್ಟಿದ್ದ ನಡೆ ಅದು. ಅವನು ಅದನ್ನು ಬಹಳ ಹೊತ್ತು ನೋಡಿದ. ಇದು ಮುಸುಕು, ಇದರ ಹಿಂದೆ ಅಂಚಿನ ಕಾಲಾಳು ಬರುತ್ತದೆ ಎಂದುಕೊಂಡ. ಬರುವ ಮೊದಲೇ ಅದಕ್ಕೆ ಗೋಡೆ ಕಟ್ಟಿದ. ಅವಳು ಕುದುರೆ ತೆಗೆದಳು. ಇವನು ಇನ್ನೊಂದು ಅಂಚಿಗೂ ಗೋಡೆ ಕಟ್ಟಿದ. ಅವಳು ಒಂಟೆ ತೆಗೆದಳು. ಎರಡೂ ಗೋಡೆಗಳ ನಡುವೆ ಬಯಲು ತೆರೆದುಕೊಂಡಿತು. ಅವಳ ಕಾಯಿಗಳು ಆ ಬಯಲಿನಲ್ಲಿ, ಸಂತೆಗೆ ಹೋಗುವವರ ಹಾಗೆ ನೇರವಾಗಿ ನಡೆದು ಬಂದವು. ಎಲೆ ಅಡಿಕೆ ಹಾಕಿಕೊಂಡು ಆಡಿದ್ದರೆ ಅವನು ಗೆಲ್ಲುತ್ತಿದ್ದ. ಮಧ್ಯಾಹ್ನಕ್ಕೆ ಮೊದಲೇ ಸೋತ.

ಈ ಸಲ ಊರಿನವರು ಮಾತನ್ನೂ ಆಡಲಿಲ್ಲ. ಎದ್ದು ಹೋದರು.

ಆಟಗಾರ ಅಲ್ಲೇ ಕೂತಿದ್ದ. ಅವಳು ಕಾಯಿಗಳನ್ನು ಒಂದೊಂದಾಗಿ ಒರಸಿ ಚೀಲಕ್ಕೆ ಹಾಕುತ್ತಿದ್ದಳು. ಎರಡು ವರ್ಷಗಳ ಮೊದಲ ನೀರು ಹೋಗಿತ್ತು, ಇನ್ನು ಹೋಗುವ ಮರ್ಯಾದೆ ಇರಲಿಲ್ಲ. ಅವನು ಕೇಳಿದ.

“ತಾಯಿ, ಹೋದ ವರ್ಷ ಅಂಚಿನ ಕಾಲಾಳಿನ ಆಟ ಆಡಿದೆಯಲ್ಲ, ಅದನ್ನು ನಿನಗೆ ಆ ಹಿರಿಯರು ಕಲಿಸಿದ್ದು ತಾನೆ?”

“ಯಾವ ಹಿರಿಯರು ಯಜಮಾನರೇ? ಅವರು ನಮ್ಮ ಕೇರಿಯಲ್ಲಿ ನೀರು ಕೂಡ ಕುಡಿಯುತ್ತಿರಲಿಲ್ಲ, ಆಟ ಎಲ್ಲಿ ಕಲಿಸುತ್ತಾರೆ? ನನಗೆ ಕಲಿಸಿದ್ದು ನಮ್ಮತ್ತೆ. ಅವರು ಒಂದು ದಿನ ಹುರುಳಿ ಬೇಯಿಸಿದ ಮಡಕೆಯನ್ನು ಒಲೆಯಿಂದ ಇಳಿಸಿ, ಕೈ ಸುಡುತ್ತದೆಂದು ಎದುರಿಗಿದ್ದ ಹಲಗೆಯ ಮೇಲೇ ಇಟ್ಟುಬಿಟ್ಟರು. ನಡುವಿನ ಮನೆಗಳೆಲ್ಲ ಸುಟ್ಟು ಕುಳಿ ಬಿತ್ತು. ಅಲ್ಲಿ ಕಾಯಿ ಇಟ್ಟರೆ ಉರುಳಿಬೀಳುತ್ತದೆ. ಅದಕ್ಕೇ ನಾವು ಅತ್ತೆ ಸೊಸೆ ಅಂಚಿನಲ್ಲೇ ಆಡುತ್ತಿದ್ದೆವು. ಇಲ್ಲಿನ ಹಲಗೆ ಸಪಾಟಾಗಿದೆ ಎಂದು ಕಣ್ಣಿಗೆ ಕಾಣುತ್ತಿತ್ತು. ಕೈ ಮಾತ್ರ ನಂಬಲಿಲ್ಲ.”

ಆಟಗಾರ ಎದುರಿನ ಸಪಾಟು ಹಲಗೆಯ ನಡುವೆ ಒಮ್ಮೆ ಕೈಯಾಡಿಸಿದ. ಒಂದು ವರ್ಷವಿಡೀ ತಾನು ಓದಿದ್ದು ಒಂದು ಹುರುಳಿ ಮಡಕೆಯ ತಳವನ್ನು ಎಂಬುದು ಆಗ ಮನಸ್ಸಿಗೆ ಇಳಿಯಿತು.

“ಮತ್ತೆ ಈ ವರ್ಷದ ಆಟ?”

“ಅದು ನಿಮ್ಮದೇ. ಈಚೆಗೆ ನನ್ನ ಮೈದುನ ಹೊಸ ಹಲಗೆ ಮಾಡಿಕೊಟ್ಟ. ಹೋದ ವರ್ಷ ನೀವು ಮೊದಲು ರಾಜನ ಮುಂದಿನ ಕಾಲಾಳು, ಆಮೇಲೆ ಕುದುರೆ ತೆಗೆದಿರಲ್ಲ, ದೊಡ್ಡ ಆಟಗಾರರು ಹೀಗೆ ಆಡುತ್ತಾರೆ ಎಂದು ಅದನ್ನೇ ಕಲಿತುಕೊಂಡು ಬಂದೆ. ಸೋತರೆ ಹೆಂಗಸನ್ನು ಕಳಿಸಿದ್ದಕ್ಕೇ ಹೀಗಾಯಿತು ಎನ್ನುತ್ತಾರೆ. ಎರಡು ಸಲವೂ ಕಾಯಿ ಎತ್ತುವಾಗ ನನ್ನ ಕೈ ನಡುಗುತ್ತಿತ್ತು ಯಜಮಾನರೇ. ಎದುರಿಗೇ ಕೂತಿದ್ದಿರಿ. ನಿಮಗೆ ಕಾಣಲಿಲ್ಲವಾ?”

ಅವನಿಗೆ ಕಂಡಿರಲಿಲ್ಲ.

ಮೂರನೆಯ ವರ್ಷ ಬೇರೆ ಯಾರನ್ನಾದರೂ ಕೂರಿಸಿ ಎಂದು ಅವನು ಊರಿನವರಿಗೆ ಹೇಳಿದ. ಊರಿನವರಿಗೂ ಅದೇ ಆಸೆ ಇತ್ತು. ಆದರೆ ಬೇರೆ ಯಾರಿಗೂ ಒಂಟೆ ಹೇಗೆ ನಡೆಯುತ್ತದೆ ಎಂಬುದು ಗೊತ್ತಿರಲಿಲ್ಲ. ಅವನೇ ಹೋಗಬೇಕಾಯಿತು. ಅವನು ಯಾವ ಅಭ್ಯಾಸವನ್ನೂ ಮಾಡಲಿಲ್ಲ. ಜ್ಞಾನ ಬಂತೆಂದು ಅಭ್ಯಾಸ ಬಿಟ್ಟದ್ದಲ್ಲ. ಯಾವುದನ್ನು ಅಭ್ಯಾಸ ಮಾಡಬೇಕೆಂದು ತಿಳಿಯದೆ ಬಿಟ್ಟದ್ದು.

ಅವಳು ಕೂತಳು. ಕಾಲಾಳುಗಳನ್ನೆಲ್ಲ ಇದ್ದಲ್ಲೇ ಬಿಟ್ಟು, ಮೊದಲ ನಡೆಯಲ್ಲೇ ಒಂದು ಕುದುರೆಯನ್ನು ಎತ್ತಿ ಸಾಲಿನ ಮೇಲಿಂದ ದಾಟಿಸಿ ಮುಂದಿಟ್ಟಳು. ಮೇಲಿನ ಊರಿನ ಕೆಲವರು ಆಗಲೇ ತಮ್ಮ ಚಪ್ಪಲಿ ಹುಡುಕತೊಡಗಿದರು.

ಆಟಗಾರ ಕೈಯನ್ನು ಮಡಿಲಿನಲ್ಲಿ ಇಟ್ಟುಕೊಂಡ. “ತಾಯಿ, ಇದನ್ನು ನಾನು ಇದುವರೆಗೆ ಕಂಡಿಲ್ಲ” ಎಂದ. ಎಲ್ಲರಿಗೂ ಕೇಳಿಸುವಂತೆ ಹೇಳಿದ.

ಹಿಂದಿನಿಂದ ಯಾರೋ “ಮುಗೀತು, ನಡೀರಿ ಮನೆಗೆ” ಎಂದರು.

“ನಾನೂ ಕಂಡಿಲ್ಲ ಯಜಮಾನರೇ. ಮನೆಯಲ್ಲಿ ಒಂದು ಯೋಚಿಸಿಕೊಂಡು ಬಂದಿದ್ದೆ, ಕೂತಕೂಡಲೇ ಮರೆತುಹೋಯಿತು” ಎಂದಳು ಅವಳು.

ಅವನು ಅವಳ ಕೈ ನೋಡಿದ. ನಡುಗುತ್ತಿತ್ತು. ಹಲಗೆಯನ್ನು ನೋಡಿದ. ಒಂದು ಕುದುರೆ ಮುಂದೆ ಬಂದಿತ್ತು, ಅಷ್ಟೆ. ಸೈನ್ಯ ಇರಲಿಲ್ಲ, ಸತ್ತವರು ಇರಲಿಲ್ಲ. ಯಾವ ಕಾಯಿ ಎಲ್ಲಿದೆ, ಅದು ಎಲ್ಲಿಗೆ ಹೋಗಬಲ್ಲದು ಎಂದು ಮೊದಲ ಸಲ ಆಟ ಕಲಿಯುವವನ ಹಾಗೆ ಒಂದೊಂದಾಗಿ ನೋಡಿಕೊಂಡ. ಆಮೇಲೆ ಒಂದು ಕಾಲಾಳನ್ನು ಸರಿಸಿದ. ಅದು ಒಳ್ಳೆಯ ನಡೆ ಏನೂ ಆಗಿರಲಿಲ್ಲ. ಆದರೆ ನೋಡಿ ಇಟ್ಟ ನಡೆ.

ಇಬ್ಬರೂ ತಪ್ಪು ಮಾಡಿದರು. ಒಮ್ಮೆ ಅವಳ ಆನೆ ಹೋಯಿತು, ಒಮ್ಮೆ ಇವನ ಮಂತ್ರಿ ಹೋದ. ಸಂಜೆಯ ಹೊತ್ತಿಗೆ ಹಲಗೆಯ ಮೇಲೆ ಇಬ್ಬರು ರಾಜರು ಮಾತ್ರ ಉಳಿದು, ಒಬ್ಬರನ್ನೊಬ್ಬರು ದೂರದಿಂದ ನೋಡುತ್ತ ನಿಂತರು.

ಆಟ ಸಮವಾದರೆ ಏನು ಮಾಡಬೇಕೆಂದು ಹಿಂದಿನ ಹಿರಿಯರು ಹೇಳಿಟ್ಟಿರಲಿಲ್ಲ. ಅದುವರೆಗೆ ಒಮ್ಮೆಯೂ ಸಮವಾಗಿರಲಿಲ್ಲ. ಎರಡೂ ಊರಿನ ಮುಖ್ಯಸ್ಥರು ತಲೆ ಕೆರೆದುಕೊಂಡರು. ದೊಣ್ಣೆಗಳು ಎಲ್ಲಿವೆ ಎಂದು ಒಬ್ಬಿಬ್ಬರು ನೆನಪಿಸಿಕೊಳ್ಳಲು ನೋಡಿದರು. ಕೊನೆಗೆ ಬೇರೆ ಏನೂ ತೋಚದೆ ಎರಡೂ ತೂಬುಗಳನ್ನು ಅರ್ಧರ್ಧ ತೆಗೆದರು. ನೀರು ಎರಡು ಕಡೆಗೂ ಸಣ್ಣಗೆ ಹರಿಯಿತು. ನಾಟಿ ಎರಡು ಕಡೆಯೂ ಆಯಿತು. ಇದು ಇಷ್ಟು ವರ್ಷ ಏಕೆ ಹೊಳೆಯಲಿಲ್ಲ ಎಂದು ಯಾರೂ ಕೇಳಲಿಲ್ಲ. ಕೇಳಿದರೆ ಒಡೆದ ತಲೆಗಳಿಗೆಲ್ಲ ಲೆಕ್ಕ ಹೇಳಬೇಕಾಗುತ್ತಿತ್ತು.

ಗುರುಗಳು ಕತೆ ನಿಲ್ಲಿಸಿ, ಎಣ್ಣೆಯ ಬಟ್ಟಲನ್ನು ಪಕ್ಕಕ್ಕೆ ಸರಿಸಿದರು.

ಮಡಿವಾಳಯ್ಯ ಕತೆಯನ್ನು ಬಹಳ ಗಮನವಿಟ್ಟು ಕೇಳಿದ್ದ. ಅವನ ತುಟಿಗಳು ಅಲ್ಲಾಡುತ್ತಿದ್ದವು. ಆಗಲೇ ಬಾಯಿಪಾಠ ಶುರುವಾಗಿತ್ತು. ಅದು ಕತೆಯ ಒಂದು ಕಡೆ ಬಂದು ನಿಂತಿತು. ಅಲ್ಲಿ ಏನೋ ಬಿಟ್ಟುಹೋದಂತೆ ಅವನಿಗೆ ಅನಿಸಿತು.

“ಒಂದು ಮಾತು ಗುರುಗಳೇ. ನಾಳೆ ಆ ಪೇಟೆಯಲ್ಲಿ ಈ ಕತೆಯನ್ನು ಹೇಳಿದರೆ ಅವರು ಬಿಡುವುದಿಲ್ಲ, ಕೇಳಿಯೇ ಕೇಳುತ್ತಾರೆ. ಮೂರನೆಯ ವರ್ಷ ಅವಳು ಕುದುರೆ ಮುಂದಿಟ್ಟಳಲ್ಲ, ಅದಕ್ಕೆ ಸರಿಯಾದ ಉತ್ತರ ಯಾವುದು?”

“ನನಗೆ ಗೊತ್ತಿಲ್ಲ” ಎಂದರು ಗುರುಗಳು, ಪಕ್ಕದ ಊರಿನ ಸಂತೆ ಯಾವ ದಿನ ಎಂದು ಕೇಳಿದವರಿಗೆ ಹೇಳುವಷ್ಟು ಸಲೀಸಾಗಿ.

ಮಡಿವಾಳಯ್ಯ “ನನಗೆ ಗೊತ್ತಿಲ್ಲ” ಎಂದು ತಾನೂ ಒಮ್ಮೆ ಮೆಲ್ಲಗೆ ಹೇಳಿ ನೋಡಿದ, ಆಮೇಲೆ ಮಲಗಲು ಎದ್ದ.